ಮಹಾಯುದ್ಧಗಳ ವಿಚಿತ್ರ, ವಿಕಾರ ಟ್ಯಾಂಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಟ್ಯಾಂಕುಗಳ ಫೋಟೊ ನೋಡಿದವರು ಮೊದಲು ಕೇಳುವುದು ‘ಇದೇನು ಹೀಗಿದೆ?’ ಅಂತ. ಕೇಳಲೇಬೇಕಾದ ಪ್ರಶ್ನೆ ಅದು. ವಿಕಾರವಾಗಿ ಕಾಣುವ ಟ್ಯಾಂಕನ್ನು ಬೇಕಂತ ಹಾಗೆ ಮಾಡಿದವರು ಯಾರೂ ಇಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಇಕ್ಕಟ್ಟು ಇತ್ತು. ದಾಟಲೇಬೇಕಾದ ಕಂದಕ, ಎಲ್ಲೂ ಸಿಗದ ಉಕ್ಕು, ತಯಾರಿಸಲು ಟೈಮೇ ಇಲ್ಲದ ಟರೆಟ್ (ಟ್ಯಾಂಕಿನ ತಲೆ ಮೇಲೆ ತಿರುಗುವ ತೋಪಿನ ಗೂಡು). ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲ ಟ್ಯಾಂಕ್ ಯಾಕೆ ಅಷ್ಟು ವಕ್ರವಾಗಿತ್ತು? ಅದಕ್ಕೆ ಟರೆಟ್ಟೇ ಇಲ್ಲವಲ್ಲ?

ಬ್ರಿಟಿಷರ ಮಾರ್ಕ್ 1 ಟ್ಯಾಂಕನ್ನು ಪಕ್ಕದಿಂದ ನೋಡಿದರೆ ಓರೆಯಾಗಿ ತಳ್ಳಿದ ಚೌಕದ ಹಾಗಿದೆ. ಮೂತಿ ಮೇಲಕ್ಕೆ ಎದ್ದಿದೆ, ಚೈನ್ ಪಟ್ಟಿ ಇಡೀ ಮೈಯನ್ನು ಸುತ್ತಿಕೊಂಡು ಹೋಗುತ್ತದೆ. ಇದಕ್ಕೆ ಕಾರಣ ಕಂದಕ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಉದ್ದಕ್ಕೂ ಎರಡೂ ಕಡೆಯವರು ಕಂದಕ ತೋಡಿ ಕೂತಿದ್ದರು. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ 1915ರಲ್ಲಿ ಮೊದಲು ಕಟ್ಟಿದ ‘ಲಿಟ್ಲ್ ವಿಲ್ಲಿ’ ಗಾಡಿಗೆ ಅಗಲವಾದ ಕಂದಕ ದಾಟಲು ಆಗಲಿಲ್ಲ. ಆಗ ಪಟ್ಟಿಯನ್ನೇ ಉದ್ದ ಮಾಡಿ, ಮೂತಿಯ ತುದಿಯವರೆಗೆ ಎಳೆದರು. ಎದುರಿನ ದಿಬ್ಬಕ್ಕೆ ಮೂತಿ ತಾಗಿದ ಕೂಡಲೇ ಪಟ್ಟಿ ಕಚ್ಚಿಕೊಂಡು ಮೇಲೆ ಹತ್ತುತ್ತದೆ. ಸುಮಾರು ಮೂರೂವರೆ ಮೀಟರ್ ಅಗಲದ ಕಂದಕವನ್ನೂ ಅದು ದಾಟುತ್ತಿತ್ತು.

ಅಷ್ಟು ಎತ್ತರದ ಮೈ ಮೇಲೆ ಟರೆಟ್ ಕೂರಿಸಿದರೆ ಗಾಡಿ ಮಗುಚುವ ಭಯ. ಅದಕ್ಕೆ ತೋಪುಗಳನ್ನು ಎರಡೂ ಪಕ್ಕೆಗಳಲ್ಲಿ ಗೂಡು ಮಾಡಿ ಇಟ್ಟರು. 1916ರ ಸೆಪ್ಟೆಂಬರ್ 15ರಂದು ಸೋಮ್ ಕದನದಲ್ಲಿ, ಫ್ಲೆರ್ ಹಳ್ಳಿಯ ಹತ್ತಿರ, ಅದು ಮೊದಲ ಸಲ ಯುದ್ಧಕ್ಕಿಳಿಯಿತು. ಅವತ್ತು ಸಿದ್ಧವಿದ್ದದ್ದು 49 ಟ್ಯಾಂಕ್. ಅವುಗಳಲ್ಲಿ ಹಲವು ಹೊರಡುವ ಜಾಗಕ್ಕೆ ಬರುವ ಮೊದಲೇ ಕೆಟ್ಟು ನಿಂತವು.

ಒಳಗೆ ಕೂತವರ ಪಾಡೇನು?

ಈ ಪ್ರಶ್ನೆ ಕೇಳುವವರು ಕಡಿಮೆ. ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ.

ಮಾರ್ಕ್ 1ರಲ್ಲಿ ಎಂಟು ಜನ. ಎಂಜಿನ್‌ಗೆ ಬೇರೆ ಕೋಣೆ ಇಲ್ಲ. 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್ ಜನರ ನಡುವೆಯೇ, ಗಾಡಿಯ ಮಧ್ಯದಲ್ಲಿ ನಿಂತಿತ್ತು. ಅದರ ಎರಡೂ ಪಕ್ಕ ಬಗ್ಗಿಕೊಂಡು ಓಡಾಡಬೇಕು. ಸೆಖೆ 50 ಡಿಗ್ರಿ ತಲುಪುತ್ತಿತ್ತು. ಹೊಗೆ, ಪೆಟ್ರೋಲ್ ವಾಸನೆ, ಸಿಡಿದ ಮದ್ದಿನ ಗಾಳಿ ಎಲ್ಲ ಒಳಗೇ. ಕಾರ್ಬನ್ ಮಾನಾಕ್ಸೈಡ್ ಸೇವಿಸಿ ತಲೆ ತಿರುಗಿ ಬಿದ್ದವರು, ಹೊರಗೆ ಬಂದ ಮೇಲೆ ವಾಂತಿ ಮಾಡಿಕೊಂಡವರು ಬಹಳ ಜನ.

ಗಾಡಿ ತಿರುಗಿಸಲು ನಾಲ್ಕು ಜನ ಬೇಕು. ಮುಂದೆ ಡ್ರೈವರ್, ಅವನ ಪಕ್ಕ ಬ್ರೇಕ್ ಹಿಡಿಯುವ ಕಮಾಂಡರ್, ಹಿಂದೆ ಒಂದೊಂದು ಪಟ್ಟಿಗೂ ಒಬ್ಬೊಬ್ಬ ಗೇರ್ ಹಾಕುವವನು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಡ್ರೈವರ್ ಸ್ಪ್ಯಾನರ್ ತಗೊಂಡು ಕಬ್ಬಿಣಕ್ಕೆ ಬಡಿದು ಹಿಂದಿನವರನ್ನು ಎಚ್ಚರಿಸಿ, ಆಮೇಲೆ ಕೈಸನ್ನೆ ಮಾಡಬೇಕಿತ್ತು. ಇಷ್ಟೆಲ್ಲ ಮಾಡಿದರೂ ಗಂಟೆಗೆ 6 ಕಿಲೋಮೀಟರ್‌ಗಿಂತ ವೇಗ ಇಲ್ಲ.

ಗುಂಡು ಹೊರಗಿನ ತಗಡಿಗೆ ಬಡಿದರೆ ಒಳಗಿನಿಂದ ಬಿಸಿ ಉಕ್ಕಿನ ಚೂರು ಸಿಡಿಯುತ್ತಿತ್ತು. ಅದರಿಂದ ಕಣ್ಣು ಉಳಿಸಿಕೊಳ್ಳಲು ಚರ್ಮದ ಮುಖವಾಡ ಕೊಟ್ಟರು. ಕಣ್ಣಿನ ಜಾಗದಲ್ಲಿ ಸೀಳು, ಬಾಯಿಯ ಮುಂದೆ ಸಣ್ಣ ಕೊಂಡಿಗಳ ಕಬ್ಬಿಣದ ಪರದೆ. ಮ್ಯೂಸಿಯಂಗಳಲ್ಲಿ ಈ ಮುಖವಾಡಗಳು ಈಗಲೂ ಇವೆ. ಟ್ಯಾಂಕಿನ ಫೋಟೊಗಿಂತ ಆ ಮುಖವಾಡ ನೋಡಿದಾಗಲೇ ಆ ಹುಡುಗರ ಕಷ್ಟ ನನಗೆ ತಟ್ಟುವುದು.

ಮುಳ್ಳುತಂತಿ ದಾಟೋಕೆ ಟ್ಯಾಂಕೇ ಬೇಕಿತ್ತಾ?

ಬೇರೆ ದಾರಿಗಳೂ ಇದ್ದವು. ಒಂದು ನಮ್ಮ ಬೆಂಗಳೂರಿನದೇ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್, ಕೊಳವೆಯೊಳಗೆ ಸ್ಫೋಟಕ ತುಂಬಿ ಅದನ್ನು ತಂತಿಬೇಲಿಯ ಕೆಳಗೆ ತಳ್ಳಿ ಸಿಡಿಸುವ ಉಪಾಯ ಕಂಡುಹಿಡಿದರು. ಜಗತ್ತಿನ ಸೇನೆಗಳೆಲ್ಲ ಅದನ್ನು ಇವತ್ತಿಗೂ ‘ಬೆಂಗಳೂರ್ ಟಾರ್ಪಿಡೊ’ ಅಂತಲೇ ಕರೆಯುತ್ತವೆ. ಆದರೆ ಅದನ್ನು ತಳ್ಳಲು ಸೈನಿಕ ಬೇಲಿಯವರೆಗೆ ತೆವಳಿಕೊಂಡು ಹೋಗಬೇಕು. ಅದೂ ಮಷಿನ್ ಗನ್ ಎದುರಿಗೆ.

ಫ್ರಾನ್ಸಿನಲ್ಲಿ ಲೂಯಿ ಬುವಾರೋ ಎಂಬ ಎಂಜಿನಿಯರ್ ಇನ್ನೊಂದು ದಾರಿ ಹಿಡಿದರು. ನಾಲ್ಕು ಮೀಟರ್ ಉದ್ದದ ಆರು ಕಬ್ಬಿಣದ ಚೌಕಟ್ಟುಗಳನ್ನು ಸರಪಳಿಯಾಗಿ ಜೋಡಿಸಿ, ನಡುವೆ ಎಂಜಿನ್ ಇಟ್ಟು, ಇಡೀ ಸರಪಳಿಯೇ ಉರುಳುತ್ತ ಬೇಲಿಯನ್ನು ಹೊಸಕಿ ಹಾಕುವ ಯಂತ್ರ ಅದು. 1915ರ ಶುರುವಿನಲ್ಲಿ ಪರೀಕ್ಷೆ ಆಯಿತು. ತಂತಿಯನ್ನೇನೋ ತುಳಿಯಿತು. ಆದರೆ ಮನುಷ್ಯನ ನಡಿಗೆಗಿಂತ ನಿಧಾನ, ಸದ್ದು ಜಾಸ್ತಿ, ತಿರುಗಿಸೋಕೆ ಆಗುತ್ತಿರಲಿಲ್ಲ. ಸೇನೆ ಬೇಡ ಎಂದಿತು.

ರಷ್ಯಾದ ಆ ದೈತ್ಯ ಚಕ್ರದ ಟ್ಯಾಂಕ್ ನಿಜವಾ? ಫೋಟೊಶಾಪ್ ಅಲ್ವಾ?

ಪೂರ್ತಿ ನಿಜ. ‘ತ್ಸಾರ್ ಟ್ಯಾಂಕ್’ ಅಂತ ಹೆಸರು, ಮಾಡಿಸಿದವರು ನಿಕೊಲಾಯ್ ಲೆಬೆಡೆಂಕೊ. ಮುಂದಿನ ಎರಡು ಚಕ್ರಗಳ ಎತ್ತರ 9 ಮೀಟರ್, ಅಂದರೆ ಎರಡು ಮಹಡಿ ಮನೆಗಿಂತ ಜಾಸ್ತಿ. ಹಿಂದೆ ಮಾತ್ರ ಒಂದೂವರೆ ಮೀಟರಿನ ಸಣ್ಣ ಉರುಳೆ. ಲೆಬೆಡೆಂಕೊ ಕೀಲಿ ಕೊಟ್ಟರೆ ಓಡುವ ಮರದ ಮಾದರಿಯನ್ನು ಚಕ್ರವರ್ತಿ ಎರಡನೇ ನಿಕೊಲಾಸ್ ಎದುರು ತಂದು, ನೆಲದ ಮೇಲೆ ಪೇರಿಸಿದ ದಪ್ಪ ಪುಸ್ತಕಗಳನ್ನು ಹತ್ತಿಸಿ ತೋರಿಸಿ ಹಣ ಮಂಜೂರು ಮಾಡಿಸಿಕೊಂಡರು ಎಂಬ ಕಥೆ ಪ್ರಸಿದ್ಧ.

ಯೋಚನೆಯಲ್ಲಿ ತಪ್ಪಿರಲಿಲ್ಲ. ಚಕ್ರ ದೊಡ್ಡದಾದಷ್ಟೂ ಹಳ್ಳ ಸಣ್ಣದಾಗುತ್ತದೆ. ಕೈಕೊಟ್ಟದ್ದು ಹಿಂದಿನ ಉರುಳೆ. 1915ರ ಆಗಸ್ಟಿನಲ್ಲಿ ಮಾಸ್ಕೋದ ಉತ್ತರಕ್ಕೆ, ಡ್ಮಿಟ್ರೊವ್ ಹತ್ತಿರದ ಕಾಡಿನಲ್ಲಿ ಪರೀಕ್ಷೆಗೆ ಇಳಿಸಿದಾಗ ಗಾಡಿ ಸ್ವಲ್ಪ ದೂರ ಹೋಯಿತು. ಆಮೇಲೆ ಹಿಂಚಕ್ರ ಮೆತ್ತನೆ ನೆಲದಲ್ಲಿ ಹೂತುಕೊಂಡಿತು. ಎರಡು ಮೇಬ್ಯಾಕ್ ಎಂಜಿನ್‌ಗಳಿಗೂ ಅದನ್ನು ಎಳೆಯಲು ಆಗಲಿಲ್ಲ. ಟ್ಯಾಂಕ್ ಅಲ್ಲೇ ಕಾಡಿನಲ್ಲಿ ಉಳಿಯಿತು. ಕ್ರಾಂತಿ ಆಗಿ ಹೋಯಿತು, ಚಕ್ರವರ್ತಿಯೂ ಹೋದ. 1923ರಲ್ಲಿ ಅದನ್ನು ಗುಜರಿಗೆ ಹಾಕಿದರು.

ಫ್ರೆಂಚರ ಸೇಂಟ್ ಶಾಮೊಂ ಮತ್ತು ಜರ್ಮನರ ಎ7ವಿ: ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದು?

ಕಂದಕದ ಮಟ್ಟಿಗೆ ಎರಡೂ ಕೆಟ್ಟವೇ. ಎರಡಕ್ಕೂ ತಳ ಒಂದೇ, ಅಮೆರಿಕದ ಹೋಲ್ಟ್ ಟ್ರ್ಯಾಕ್ಟರ್ ಮಾದರಿಯ ಗಿಡ್ಡ ಪಟ್ಟಿ. ಅದರ ಮೇಲೆ ಭಾರಿ ಪೆಟ್ಟಿಗೆ ಕೂರಿಸಿದ್ದರು.

ಸೇಂಟ್ ಶಾಮೊಂ ಮುಂದಿನ ಭಾಗ ಪಟ್ಟಿಗಿಂತ ಬಹಳ ಮುಂದಕ್ಕೆ ಚಾಚಿಕೊಂಡಿತ್ತು, ಅದರಿಂದ 75 ಎಂಎಂ ತೋಪು ಇನ್ನೂ ಮುಂದೆ. ಹಳ್ಳಕ್ಕೆ ಇಳಿದರೆ ಮೂತಿ ಮಣ್ಣಿಗೆ ಚುಚ್ಚಿಕೊಳ್ಳುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. 1917ರ ಮೇ 5ರಂದು ಲಾಫೋ ಹತ್ತಿರ ಮೊದಲ ಕದನದಲ್ಲಿ ಆದದ್ದು ಇದೇ. ಆದರೂ ಅದರ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. 1918ರಲ್ಲಿ ಯುದ್ಧ ಕಂದಕ ಬಿಟ್ಟು ಬಯಲಿಗೆ ಬಂದಾಗ, ಅದೇ 75 ಎಂಎಂ ತೋಪು ಜರ್ಮನ್ ಫಿರಂಗಿಗಳನ್ನು ದೂರದಿಂದ ಹೊಡೆಯಲು ಚೆನ್ನಾಗಿ ಒದಗಿತು. ಒಟ್ಟು 400 ತಯಾರಾದವು.

ಎ7ವಿ ತಯಾರಾದದ್ದು ಬರೀ 20. ಒಳಗೆ 18 ಜನ, ಕೆಲವು ಸಲ ಇನ್ನೂ ಹೆಚ್ಚು. ತಳ ನೆಲಕ್ಕೆ ತಾಗುವಷ್ಟು ತಗ್ಗು. 1918ರ ಏಪ್ರಿಲ್ 24ರಂದು ವಿಲ್ಲೆರ್-ಬ್ರೆಟೊನೊ ಬಳಿ ಎ7ವಿ ಮತ್ತು ಬ್ರಿಟಿಷ್ ಮಾರ್ಕ್ 4ಗಳು ಎದುರಾದವು. ಟ್ಯಾಂಕ್ ಟ್ಯಾಂಕಿನ ಜೊತೆ ಹೋರಾಡಿದ್ದು ಚರಿತ್ರೆಯಲ್ಲಿ ಅದೇ ಮೊದಲು.

ಹಾಗಾದರೆ ಈಗಿನ ಟ್ಯಾಂಕಿನ ಆಕಾರ ಯಾವಾಗ ಬಂತು?

ಅದೇ ಯುದ್ಧದಲ್ಲೇ. 1917ರ ರೆನೋ ಎಫ್‌ಟಿ, ಇಬ್ಬರೇ ಕೂರುವ ಪುಟ್ಟ ಟ್ಯಾಂಕ್. ಮುಂದೆ ಡ್ರೈವರ್, ಮೇಲೆ ಸುತ್ತ ತಿರುಗುವ ಟರೆಟ್, ಹಿಂದೆ ಎಂಜಿನ್. ಇವತ್ತಿನ ಹೆಚ್ಚಿನ ಟ್ಯಾಂಕುಗಳ ಜೋಡಣೆ ಇದೇ.

ನ್ಯೂಜಿಲೆಂಡಿನ ಬಾಬ್ ಸೆಂಪಲ್ ಟ್ಯಾಂಕನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಅದು ಅಷ್ಟು ಕೆಟ್ಟದಾಗಿತ್ತಾ?

ಟ್ಯಾಂಕ್ ಆಗಿ ಕೆಟ್ಟದ್ದೇ. ಆದರೆ ಗೇಲಿ ಮಾಡುವವರು ಆ ದೇಶ ಎಂಥಾ ಸ್ಥಿತಿಯಲ್ಲಿತ್ತು ಅಂತ ಒಮ್ಮೆ ನೋಡಬೇಕು. 1940-41ರಲ್ಲಿ ಜಪಾನಿನ ಭಯ ಹತ್ತಿರ ಬರುತ್ತಿತ್ತು. ಬ್ರಿಟನ್‌ಗೆ ತನಗೇ ಟ್ಯಾಂಕ್ ಸಾಲದು, ಕೊಡುವುದೆಲ್ಲಿಂದ? ನ್ಯೂಜಿಲೆಂಡಿನಲ್ಲಿ ಟ್ಯಾಂಕ್ ಕಾರ್ಖಾನೆ ಇಲ್ಲ. ಇದ್ದದ್ದು ರಸ್ತೆ ಕೆಲಸಕ್ಕೆ ತಂದಿದ್ದ ಕ್ಯಾಟರ್‌ಪಿಲ್ಲರ್ ಡಿ8 ಟ್ರ್ಯಾಕ್ಟರುಗಳು. ಲೋಕೋಪಯೋಗಿ ಸಚಿವ ಬಾಬ್ ಸೆಂಪಲ್, ‘ಇವುಗಳ ಮೇಲೆಯೇ ಕವಚ ಕೂರಿಸೋಣ’ ಎಂದು ಹೊರಟರು.

ದಪ್ಪ ಕವಚದ ಉಕ್ಕು ಸಿಗದ್ದರಿಂದ ಮಡಿಕೆ ಮಡಿಕೆಯ ಮ್ಯಾಂಗನೀಸ್ ಉಕ್ಕಿನ ತಗಡು ಹೊಡೆದರು. ಆ ಕಾರಣಕ್ಕೆ ಅದು ನಮ್ಮೂರ ಕಡೆಯ ತಗಡಿನ ಗೋಡೌನ್ ಎದ್ದು ನಡೆದು ಬಂದ ಹಾಗೆ ಕಾಣುತ್ತದೆ. ಎತ್ತರ ಮೂರೂವರೆ ಮೀಟರಿಗೂ ಜಾಸ್ತಿ, ತೂಕ ಸುಮಾರು 25 ಟನ್. ತೋಪು ಇಲ್ಲ, ಬ್ರೆನ್ ಎಂಬ ಹಗುರ ಮಷಿನ್ ಗನ್ ಆರು. ಒಬ್ಬ ಗನ್ನರ್ ಎಂಜಿನ್ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿ ಗುಂಡು ಹೊಡೆಯಬೇಕಿತ್ತು! ಗೇರ್ ಬದಲಿಸಬೇಕಾದರೆ ಗಾಡಿ ನಿಲ್ಲಿಸಬೇಕು. ಬೆರಳೆಣಿಕೆಯಷ್ಟು ತಯಾರಾದವು, ಮೆರವಣಿಗೆಯಲ್ಲಿ ಓಡಿದವು. ಆಮೇಲೆ ಸೇನೆ ಬೇಡವೆಂದ ಮೇಲೆ ತಗಡು ಬಿಚ್ಚಿ ಟ್ರ್ಯಾಕ್ಟರುಗಳನ್ನು ವಾಪಸ್ ಕೆಲಸಕ್ಕೆ ಹಚ್ಚಿದರು.

ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ. ಕೈಯಲ್ಲಿದ್ದದ್ದರಲ್ಲಿ ಊರು ಕಾಯಲು ಹೊರಟ ಜನ ಅವರು.

ಕಾಂಕ್ರೀಟಿನ ಲಾರಿ ಅಂತ ಕೇಳಿದ್ದೇನೆ. ಅದೇನು?

ಅದು ಇಂಗ್ಲೆಂಡಿನ ‘ಬೈಸನ್’. 1940ರ ಬೇಸಿಗೆಯಲ್ಲಿ ಡನ್‌ಕರ್ಕ್‌ನಿಂದ 3 ಲಕ್ಷ 38 ಸಾವಿರ ಸೈನಿಕರೇನೋ ಪಾರಾಗಿ ಬಂದರು. ಟ್ಯಾಂಕು, ತೋಪು, ಲಾರಿ ಎಲ್ಲ ಫ್ರಾನ್ಸಿನಲ್ಲೇ ಉಳಿದವು. ಜರ್ಮನ್ ಪ್ಯಾರಾಟ್ರೂಪರ್‌ಗಳು ವಿಮಾನ ನಿಲ್ದಾಣಗಳ ಮೇಲೆ ಇಳಿಯಬಹುದು ಎಂಬ ಆತಂಕ ಬೇರೆ. ಉಕ್ಕು ಕಾರ್ಖಾನೆಗಳಿಗೆ ಬಿಡುವಿಲ್ಲ. ಆಗ ಕಾಂಕ್ರೀಟ್ ಕಂಪನಿಯೊಂದು ಹಳೇ ಲಾರಿಗಳ ಮೇಲೆ ಕಾಂಕ್ರೀಟಿನ ಕೋಣೆ ಎರಕ ಹೊಯ್ದು ಕೊಟ್ಟಿತು. ಗುಂಡು ತಡೆಯುತ್ತಿತ್ತು. ಆದರೆ ತೂಕಕ್ಕೆ ಲಾರಿ ನರಳುತ್ತಿತ್ತು. ಬೇಕಾದ ಜಾಗಕ್ಕೆ ಹೋಗಿ ನಿಂತರೆ ಸಾಕಿತ್ತು.

ಅದೇ ಹೊತ್ತಿನದು ‘ಬೀವರೆಟ್’. ಕಾರಿನ ಮೇಲೆ 11 ಎಂಎಂ ಉಕ್ಕು, ಅದರ ಹಿಂದೆ ಮೂರು ಇಂಚು ದಪ್ಪದ ಓಕ್ ಹಲಗೆ. ಡ್ರೈವರ್‌ಗೆ ಪಕ್ಕಕ್ಕೆ ಏನೂ ಕಾಣದು. ಇನ್ನೊಬ್ಬ ನೋಡಿ ದಾರಿ ಹೇಳಬೇಕಿತ್ತು.

ಟ್ರ್ಯಾಕ್ಟರಿಗೆ ತಗಡು ಹೊಡೆದು ನಿಜವಾಗಿ ಯುದ್ಧ ಮಾಡಿದವರು ಇದ್ದಾರಾ?

ಇದ್ದಾರೆ. 1941ರಲ್ಲಿ ಒಡೆಸ್ಸಾ ನಗರವನ್ನು ರೊಮೇನಿಯಾ ಸೇನೆ ಮುತ್ತಿತ್ತು. ಊರಿನ ಕಾರ್ಖಾನೆಯವರು ಎಸ್‌ಟಿಝಡ್-5 ಟ್ರ್ಯಾಕ್ಟರುಗಳಿಗೆ ಹಡಗಿನ ಉಕ್ಕು, ಮಧ್ಯೆ ಮರದ ಹಲಗೆ ಹಾಕಿ ಟ್ಯಾಂಕ್ ಮಾಡಿದರು. ಹೆಸರು ‘ಎನ್ಐ’. ರಷ್ಯನ್ ಭಾಷೆಯಲ್ಲಿ ‘ಹೆದರಿಸೋಕೆ’ ಅಂತ. ಸೆಪ್ಟೆಂಬರಿನ ಒಂದು ರಾತ್ರಿ ಹೆಡ್‌ಲೈಟ್ ಹಾಕಿಕೊಂಡು, ಸೈರನ್ ಕೂಗಿಸುತ್ತ ರೊಮೇನಿಯನ್ನರ ಕಂದಕಗಳ ಮೇಲೆ ನುಗ್ಗಿದವು. ಎದುರಿನವರು ಜಾಗ ಬಿಟ್ಟು ಓಡಿದರು. ಒಡೆಸ್ಸಾ ಅಕ್ಟೋಬರ್‌ವರೆಗೂ ತಡೆದು ನಿಂತಿತು. ನನ್ನ ಮಟ್ಟಿಗೆ ಈ ಇಡೀ ಪುಟದ ಅತ್ಯುತ್ತಮ ಗಾಡಿ ಇದು.

ಎಂ3 ಲೀ ಟ್ಯಾಂಕಿಗೆ ಎರಡು ತೋಪು ಯಾಕೆ? ಒಂದು ಸೊಂಟದಲ್ಲಿ, ಒಂದು ತಲೆ ಮೇಲೆ?

ಅಮೆರಿಕನ್ನರಿಗೆ 1940ರಲ್ಲಿ 75 ಎಂಎಂ ತೋಪಿನ ಟ್ಯಾಂಕ್ ತುರ್ತಾಗಿ ಬೇಕಿತ್ತು. ಅಷ್ಟು ದೊಡ್ಡ ತೋಪು ಹೊರುವ ಟರೆಟ್ ವಿನ್ಯಾಸ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ದೊಡ್ಡ ತೋಪನ್ನು ಮೈಯ ಬಲಗಡೆ ಕೂರಿಸಿ, ಮೇಲೆ ಸಣ್ಣ ಟರೆಟ್‌ನಲ್ಲಿ 37 ಎಂಎಂ ಇಟ್ಟರು. ಅವರ ಮುಂದಿನ ಟ್ಯಾಂಕ್ ಶರ್ಮನ್ ಬರುವ ತನಕದ ಏರ್ಪಾಡು. ಆದರೂ 6,258 ತಯಾರಾದವು.

ದೋಷಗಳು ಬೇಕಾದಷ್ಟು. ದಿಬ್ಬದ ಹಿಂದೆ ಮೈ ಮರೆಸಿಕೊಂಡು ದೊಡ್ಡ ತೋಪು ಹೊಡೆಯಲು ಆಗದು, ಇಡೀ ಗಾಡಿ ಹೊರಗೆ ಬರಬೇಕು. ಮೂರು ಮೀಟರ್ ಎತ್ತರ. ಪೆಟ್ಟು ಬಿದ್ದರೆ ತಗಡು ಜೋಡಿಸಿದ ರಿವೆಟ್ ಮೊಳೆಗಳೇ ಕಿತ್ತು ಒಳಗೆ ಗುಂಡಿನಂತೆ ಹಾರುತ್ತಿದ್ದವು. ರಷ್ಯನ್ ಸೈನಿಕರು ಇದನ್ನು ‘ಏಳು ಜನರ ಸಾಮೂಹಿಕ ಸಮಾಧಿ’ ಎಂದರು.

ಆದರೆ ನಮ್ಮ ಈಶಾನ್ಯ ಗಡಿಯಲ್ಲಿ ಕಥೆ ಬೇರೆಯೇ ಆಯಿತು. 1944ರಲ್ಲಿ ಜಪಾನೀಯರು ಇಂಫಾಲ್ ಬಯಲಿನ ಅಂಚಿನ ನುಂಶಿಗುಮ್ ಗುಡ್ಡ ಹಿಡಿದರು. ಏಪ್ರಿಲ್ 13ರಂದು ಡೋಗ್ರಾ ಸೈನಿಕರ ಜೊತೆ ಥರ್ಡ್ ಕ್ಯಾರಬಿನಿಯರ್ಸ್ ಎಂಬ ಬ್ರಿಟಿಷ್ ಟ್ಯಾಂಕ್ ಪಡೆಯ ಲೀ ಟ್ಯಾಂಕುಗಳು ಆ ಕಡಿದಾದ ಗುಡ್ಡ ಹತ್ತಿದವು. ಅಲ್ಲಿಗೆ ಟ್ಯಾಂಕ್ ಬರುತ್ತದೆ ಎಂದು ಜಪಾನೀಯರು ಅಂದುಕೊಂಡೇ ಇರಲಿಲ್ಲ. ಏಣು ಎಷ್ಟು ಕಿರಿದು ಅಂದರೆ ಡ್ರೈವರ್‌ಗೆ ದಾರಿ ತೋರಿಸಲು ಕಮಾಂಡರ್‌ಗಳು ತಲೆ ಹೊರಗೆ ಹಾಕಲೇಬೇಕಿತ್ತು. ಟ್ಯಾಂಕ್ ಪಡೆಯ ಅಧಿಕಾರಿಗಳು ಒಬ್ಬರೂ ಉಳಿಯಲಿಲ್ಲ. ಕೊನೆಗೆ ಸಾರ್ಜೆಂಟ್ ಮೇಜರ್ ಕ್ರ್ಯಾಡಕ್ ಟ್ಯಾಂಕುಗಳ ಹೊಣೆ ಹೊತ್ತರು. ಅವರೂ ಡೋಗ್ರಾ ಸುಬೇದಾರರೂ ಸೇರಿ ಶಿಖರ ಹಿಡಿದರು. ಜಪಾನೀಯರ ಹತ್ತಿರ ಅಲ್ಲಿ ಭಾರಿ ಟ್ಯಾಂಕ್ ನಿರೋಧಕ ತೋಪುಗಳಿರಲಿಲ್ಲ. ಹಾಗಾಗಿ ಆಫ್ರಿಕಾದಲ್ಲಿ ಹಳತಾಗಿದ್ದ ಟ್ಯಾಂಕು ಇಲ್ಲಿ ಅನಿವಾರ್ಯವಾಯಿತು.

ನೋಡೋಕೆ ಚೆಂದ ಇದ್ದೂ ಕೆಲಸಕ್ಕೆ ಬಾರದ ಟ್ಯಾಂಕ್ ಇತ್ತಾ?

ಬ್ರಿಟನ್ನಿನ ಕವನೆಂಟರ್. ತಗ್ಗಾದ, ನಯವಾದ ಮೈ. ತಗ್ಗು ಮಾಡುವ ಆಸೆಯಲ್ಲಿ ಚಪ್ಪಟೆ ಎಂಜಿನ್ ಹಾಕಿದರು, ಹಿಂದೆ ರೇಡಿಯೇಟರ್‌ಗೆ ಜಾಗ ಉಳಿಯಲಿಲ್ಲ. ಅದನ್ನು ಮೂತಿಯ ಎಡಗಡೆ ಇಟ್ಟು, ಬಿಸಿನೀರಿನ ಪೈಪುಗಳನ್ನು ಜನ ಕೂರುವ ಜಾಗದ ಮೂಲಕ ಎಳೆದರು. ಎಂಜಿನ್ನೂ ಕಾದಿತು, ಸಿಬ್ಬಂದಿಯೂ ಬೆಂದರು. 1,700ಕ್ಕೂ ಹೆಚ್ಚು ತಯಾರಿಸಿ, ಕೊನೆಗೆ ತರಬೇತಿಗೆ ಬಳಸಿದರು.

‘ಹೋಬಾರ್ಟ್‌ನ ತಮಾಷೆಗಳು’ ಅಂದರೇನು?

ಪರ್ಸಿ ಹೋಬಾರ್ಟ್ ಹುಟ್ಟಿದ್ದು 1885ರಲ್ಲಿ, ನಮ್ಮ ನೈನಿತಾಲ್‌ನಲ್ಲಿ. ಟ್ಯಾಂಕ್ ಯುದ್ಧದ ಬಗ್ಗೆ ಬ್ರಿಟನ್ನಿನಲ್ಲಿ ಅವರಷ್ಟು ಯೋಚಿಸಿದವರು ಕಡಿಮೆ. ಮೇಲಿನವರ ಜೊತೆ ಹೊಂದಿಕೆಯಾಗದೆ 1940ರಲ್ಲಿ ನಿವೃತ್ತಿ ಕೊಡಿಸಿ ಮನೆಗೆ ಕಳಿಸಿದರು. ಮೇಜರ್ ಜನರಲ್ ಆಗಿದ್ದವರು ಊರಿನ ಹೋಮ್ ಗಾರ್ಡ್‌ನಲ್ಲಿ ಲ್ಯಾನ್ಸ್ ಕಾರ್ಪೊರಲ್ ಆಗಿ ಸೇರಿಕೊಂಡರು. ಚರ್ಚಿಲ್ ವಾಪಸ್ ಕರೆಸಿದರು.

1942ರಲ್ಲಿ ಫ್ರಾನ್ಸಿನ ಕರಾವಳಿಯ ಡಿಯೆಪ್ ಮೇಲಿನ ದಾಳಿಯಲ್ಲಿ ಟ್ಯಾಂಕುಗಳು ಸಮುದ್ರ ತೀರ ದಾಟಲಾಗದೆ ಸಿಕ್ಕಿಬಿದ್ದಿದ್ದವು. ಆ ಪಾಠದಿಂದ ಹೋಬಾರ್ಟ್‌ರ 79ನೇ ಡಿವಿಷನ್, ಒಂದೊಂದು ಅಡ್ಡಿಗೆ ಒಂದೊಂದು ಗಾಡಿ ಸಿದ್ಧಮಾಡಿತು. ಅವೇ ಆ ‘ತಮಾಷೆಗಳು’. ನೆಲಬಾಂಬ್‌ಗೆ ‘ಕ್ರ್ಯಾಬ್’: ಶರ್ಮನ್ ಮುಂದೆ ತಿರುಗುವ ಉರುಳೆ, ಅದಕ್ಕೆ 43 ಸರಪಳಿ. ನೆಲಕ್ಕೆ ಬಡಿಯುತ್ತ ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಬಾಂಬುಗಳನ್ನು ಸಿಡಿಸುತ್ತದೆ. ಮೆತ್ತನೆ ಮರಳಿಗೆ ‘ಬಾಬಿನ್’: ಕ್ಯಾನ್ವಾಸ್ ಚಾಪೆಯನ್ನು ಹಾಸುತ್ತ ಅದರ ಮೇಲೇ ಹೋಗುವ ಚರ್ಚಿಲ್ ಟ್ಯಾಂಕ್. ಕಾಂಕ್ರೀಟ್ ಕೋಟೆಗೆ ‘ಎವಿಆರ್‌ಇ’: 18 ಕಿಲೋ ಬಾಂಬ್ ಎಸೆಯುವ 290 ಎಂಎಂ ತೋಪು. ಅದಕ್ಕೆ ಮದ್ದು ತುಂಬಲು ಸಿಬ್ಬಂದಿ ಕಿಂಡಿಯಿಂದ ಕೈ ಹೊರಗೆ ಹಾಕಬೇಕು, ಶತ್ರು ಎದುರಿಗೇ.

ಈಜುವ ‘ಡಿಡಿ’ ಟ್ಯಾಂಕಿನ ಕಥೆ ನೋವಿನದು. ಸುತ್ತ ಕ್ಯಾನ್ವಾಸ್ ಗೋಡೆ ಎತ್ತಿದರೆ 30 ಟನ್ನಿನ ಶರ್ಮನ್ ತೇಲುತ್ತದೆ, ಅದು ಶಾಂತ ನೀರಿನಲ್ಲಿ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದಾಗ ಓಮಹಾ ತೀರದಲ್ಲಿ ಅಲೆಗಳು ಆಳೆತ್ತರ ಎದ್ದಿದ್ದವು. ಅಮೆರಿಕದ ಒಂದು ಬೆಟಾಲಿಯನ್ ದೂರದಲ್ಲೇ ನೀರಿಗೆ ಬಿಟ್ಟ 29 ಟ್ಯಾಂಕುಗಳಲ್ಲಿ 27 ಮುಳುಗಿದವು. ಬೇರೆ ತೀರಗಳಲ್ಲಿ ಅದೇ ಗಾಡಿಗಳು ದಡ ಸೇರಿ ಕಾಲಾಳುಗಳ ಜೀವ ಉಳಿಸಿದವು.

ದೊಡ್ಡದಾದಷ್ಟೂ ಒಳ್ಳೆಯದು ಅಂತ ಹೊರಟವರ ಗತಿ?

ರಷ್ಯಾದ ಕೆವಿ-2 ನೋಡಿ. 52 ಟನ್, ಮೇಲೆ ದೊಡ್ಡ ಪೆಟ್ಟಿಗೆಯಂಥ ಟರೆಟ್, ಅದರಲ್ಲಿ 152 ಎಂಎಂ ಹೊವಿಟ್ಜರ್ ತೋಪು. ಫಿನ್ಲೆಂಡಿನ ಕಾಂಕ್ರೀಟ್ ಬಂಕರ್ ಒಡೆಯಲು ಮಾಡಿದ್ದು. ಗಾಡಿ ಓರೆಯಾಗಿ ನಿಂತರೆ ಟರೆಟ್ ತಿರುಗಿಸಲು ಆಗುತ್ತಿರಲಿಲ್ಲ. ಆದರೂ 1941ರಲ್ಲಿ ಜರ್ಮನರ ಸಣ್ಣ ತೋಪುಗಳು ಅದರ ಮೇಲೆ ಕೆಲಸ ಮಾಡಲಿಲ್ಲ.

ಜರ್ಮನಿಯ ‘ಮೌಸ್’ 188 ಟನ್. ಸೇತುವೆ ಮೇಲೆ ಹೋಗಲಾರದು, ನದಿಯ ತಳದಲ್ಲೇ ನಡೆದು ದಾಟಬೇಕು. ಆಗ ದಡದಲ್ಲಿರುವ ಇನ್ನೊಂದು ಮೌಸ್‌ನಿಂದ ಕೇಬಲ್‌ನಲ್ಲಿ ಕರೆಂಟ್ ಕೊಡುವ ಯೋಜನೆ. ತಯಾರಾದದ್ದು ಎರಡು. ಪೆಟ್ರೋಲ್‌ಗೂ ಉಕ್ಕಿಗೂ ಪರದಾಡುತ್ತಿದ್ದ ದೇಶ ಅದಕ್ಕೆ ಅಷ್ಟು ಖರ್ಚು ಮಾಡಿದ್ದು ಶುದ್ಧ ಹುಚ್ಚು.

ರಿಮೋಟ್ ಟ್ಯಾಂಕ್ ಆಗಲೇ ಇತ್ತಂತೆ?

ಹೌದು, ಜರ್ಮನರ ‘ಗೋಲಿಯಾತ್’. ಒಂದೂವರೆ ಮೀಟರ್ ಉದ್ದ, ಮಾದರಿಗೆ ತಕ್ಕಂತೆ 60ರಿಂದ 100 ಕಿಲೋ ಸ್ಫೋಟಕ, ಹಿಂದೆ ಬಿಚ್ಚಿಕೊಳ್ಳುವ ತಂತಿಯಿಂದ ನಿಯಂತ್ರಣ. 1944ರ ವಾರ್ಸಾ ದಂಗೆಯಲ್ಲಿ ಬಳಸಿದರು. ಪೋಲಿಷ್ ಹೋರಾಟಗಾರರು ಓಡಿ ಬಂದು ತಂತಿ ಕತ್ತರಿಸಿ ನಿಲ್ಲಿಸುತ್ತಿದ್ದರು. ಆ ಧೈರ್ಯಕ್ಕೆ ಏನು ಹೇಳೋಣ!

ಭಾರತದಲ್ಲಿ ಇಂಥದ್ದೇನಾದರೂ ತಯಾರಾಗಿತ್ತಾ?

ಆಗಿತ್ತು, ಚೆನ್ನಾಗಿಯೇ. ಕೆನಡಾದ ಫೋರ್ಡ್ ಚಾಸಿಗೆ ಟಾಟಾ ಉಕ್ಕಿನ ತಗಡು ಹೊದಿಸಿದ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್. ಸೈನಿಕರ ಬಾಯಲ್ಲಿ ‘ಟಾಟಾನಗರ್’. ಮೂಲೆ ಮೂಲೆಯಾಗಿ ಮಡಿಚಿದ ಮೈ, ಹಿಂದೆ ಎಂಜಿನ್. 4,655 ತಯಾರಾಗಿ ಆಫ್ರಿಕಾ, ಇಟಲಿ, ಬರ್ಮಾದಲ್ಲೆಲ್ಲ ಓಡಿದವು. ನಮ್ಮವರು ಇದರ ಬಗ್ಗೆ ಮಾತಾಡುವುದು ತೀರಾ ಕಡಿಮೆ, ಬೇಜಾರಿನ ಸಂಗತಿ.

ಇವನ್ನು ಎಲ್ಲಿ ನೋಡಬಹುದು?

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಲಿಟ್ಲ್ ವಿಲ್ಲಿ, ಮಾರ್ಕ್ 1, ಕವನೆಂಟರ್ ಇವೆ. ಬೈಸನ್‌ನ ಮರುಸೃಷ್ಟಿಯೂ ಇದೆ. ಉಳಿದಿರುವ ಒಂದೇ ಸೇಂಟ್ ಶಾಮೊಂ ಫ್ರಾನ್ಸಿನ ಸೋಮುರ್‌ನಲ್ಲಿದೆ. ಉಳಿದಿರುವ ಒಂದೇ ಎ7ವಿ, ‘ಮೆಫಿಸ್ಟೊ’, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕ್ವೀನ್ಸ್‌ಲೆಂಡ್ ಮ್ಯೂಸಿಯಂನಲ್ಲಿದೆ. ಮೌಸ್ ರಷ್ಯಾದ ಕುಬಿಂಕಾದಲ್ಲಿ.

ಕರ್ನಾಟಕದಿಂದ ಹೋಗುವವರಿಗೆ ಹತ್ತಿರದ್ದು ಮಹಾರಾಷ್ಟ್ರದ ಅಹ್ಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ರೋಲ್ಸ್ ರಾಯ್ಸ್ ಕವಚದ ಕಾರು, ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್ ಎಲ್ಲ ಅಲ್ಲಿವೆ. ನಾಗಾಲ್ಯಾಂಡ್ ಕಡೆ ಹೋದರೆ ಕೊಹಿಮಾದಲ್ಲಿ ನಿಂತಿರುವ ಲೀ ಟ್ಯಾಂಕನ್ನು ನೋಡದೆ ಬರಬೇಡಿ. ಪಕ್ಕದಲ್ಲಿ ನಿಂತು ಆ ರಿವೆಟ್‌ಗಳನ್ನು, ಬಲಗಡೆ ತೋಪಿನ ಗೂಡನ್ನು ಹತ್ತಿರದಿಂದ ನೋಡಿ.